ನಲವತ್ತೊಂಬತ್ತನೆಯ ಪೆಟ್ಟಿಗೆ

‘ನಂದೇನೂ ಬ್ಯಾಡ ಬಿಡ್ರಿ. ನನ್ನ ಪಾಲಿನ ಪೆಟಗಿ ಬ್ಯಾರೇದವರಿಗೆ ಕೊಡ್ರಿ’ ಎಂದುಬಿಟ್ಟ ಚಿದಂಬರ. ಮಾತು ಮುಗಿದ ಮೇಲೆ ಅದು ಸುಳ್ಳೆಂದು ಅವನಿಗೆ ಗೊತ್ತಾಯಿತು.

ಗ್ಯಾರೇಜು ತುಂಬ ಜನವಿತ್ತು. ಹಿಂದುಗಡೆ ಯಾರೋ ಚಪ್ಪಾಳೆ ತಟ್ಟಿದರು. ಅದನ್ನು ಕೇಳಿ ಉಳಿದವರೂ ತಟ್ಟಿದರು. ಚಿದಂಬರ ಬೇಡ ಬೇಡವೆಂದು ಕೈಯಾಡಿಸಿದ. ಅದನ್ನೂ ಅವರು ವಿನಯವೆಂದೇ ತಿಳಿದರು.

ಅವನ ಪೆಟ್ಟಿಗೆ ಅವನ ಕಾರಿನ ಡಿಕ್ಕಿಯಲ್ಲಿತ್ತು. ಬೆಳಿಗ್ಗೆ ಆರೂವರೆಯಿಂದ ಅಲ್ಲೇ ಇತ್ತು.

ಇಟ್ಟದ್ದರಲ್ಲಿ ಮೋಸವೇನೂ ಇರಲಿಲ್ಲ. ವಿಮಾನ ನಿಲ್ದಾಣದ ಹಿಂದಿನ ಸರಕಿನ ಗೋದಾಮಿಗೆ ಅವನೂ ಈ ಗ್ಯಾರೇಜಿನ ಯಜಮಾನ ದಿನೇಶನೂ ಎರಡು ಗಾಡಿಗಳಲ್ಲಿ ಹೋಗಿದ್ದರು. ದಿನೇಶ ಒಳಗೆ ಕಾಗದಗಳಿಗೆ ಸಹಿ ಹಾಕುತ್ತಿದ್ದಾಗ ಚಿದಂಬರ ಮಾವಿನ ಪೆಟ್ಟಿಗೆಗಳನ್ನು ಒಂದೊಂದಾಗಿ ದಿನೇಶನ ವ್ಯಾನಿಗೆ ಏರಿಸಿದ. ಕೊನೆಯದೊಂದು ಹಿಡಿಸಲಿಲ್ಲ. ಹೇಗೂ ತಾನು ಒಂದು ಬರೆಸಿದ್ದೇನಲ್ಲ ಎಂದು ಅದನ್ನು ತನ್ನ ಡಿಕ್ಕಿಗೆ ಹಾಕಿಕೊಂಡ. ಹಣ್ಣು ಕಡಿಮೆ ಬಂದಿರುವ ಸಂಗತಿ ಆಗಿನ್ನೂ ಯಾರಿಗೂ ತಿಳಿದಿರಲಿಲ್ಲ. ಆರೂವರೆಗೆ ಅವನು ಪ್ರಾಮಾಣಿಕನಾಗಿದ್ದ, ಹತ್ತೂವರೆಗೆ ಅಲ್ಲ. ನಡುವೆ ಪೆಟ್ಟಿಗೆ ಮಾತ್ರ ಇದ್ದಲ್ಲಿಂದ ಒಂದು ಅಂಗುಲವೂ ಅಲುಗಿರಲಿಲ್ಲ.

ಪ್ರತಿ ವರ್ಷ ಮೇ ತಿಂಗಳ ಒಂದು ಶನಿವಾರ ಶಿಕಾಗೋ ಹೊರವಲಯದ ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿರುವ ದಿನೇಶನ ಗ್ಯಾರೇಜು ಹೀಗೆ ಸಂತೆಯಾಗುತ್ತಿತ್ತು. ಊರ ಕಡೆಯ ಮಾವು ವಿಮಾನದಲ್ಲಿ ಬಂದಿಳಿಯುವುದು. ಫೋನಿನ ಗುಂಪಿನಲ್ಲಿ ಹೆಸರು ಬರೆಸಿದವರು ಬಂದು ಒಯ್ಯುವುದು. ಇದರಲ್ಲಿ ಯಾರಿಗೂ ಲಾಭವಿಲ್ಲ. ಮೈಸೂರಿನ ಕಡೆಯ ದಿನೇಶ ಕಂಪ್ಯೂಟರಿನವನು, ಇನ್ನೂ ವೀಸಾದ ಮೇಲೆ ಇರುವವನು. ಅವತ್ತು ಅವನು ತನ್ನ ಕಾರುಗಳನ್ನು ರಸ್ತೆಗೆ ಹಾಕಿ, ಗ್ಯಾರೇಜನ್ನು ಗುಡಿಸಿ, ನೆಲಕ್ಕೆ ನೀರು ಹೊಡೆದು, ಮದುವೆ ಮನೆಯವನಂತೆ ಬಾಗಿಲಲ್ಲಿ ನಿಲ್ಲುತ್ತಿದ್ದ. ವುಡ್‌ರಿಡ್ಜ್‌ನಲ್ಲಿ ಒಬ್ಬನೇ ಇರುವ ಚಿದಂಬರ ಬಂದು ಪಟ್ಟಿ ಹಿಡಿದುಕೊಳ್ಳುತ್ತಿದ್ದ. ಕಾಲೇಜಿನಲ್ಲಿ ವ್ಯಾಪಾರದ ನೀತಿಶಾಸ್ತ್ರ ಕಲಿಸುವವನ ಕೈಯಲ್ಲಿ ಪಟ್ಟಿ ಇದ್ದರೆ ಜಗಳವಿಲ್ಲ ಎಂದು ಎಲ್ಲರ ನಂಬಿಕೆ. ಇಡೀ ವರ್ಷದಲ್ಲಿ ಈ ಜನ ತನ್ನನ್ನು ಕಾಯುವ ದಿನ ಇದೊಂದೇ ಎಂಬುದು ಅವನಿಗೆ ಗೊತ್ತಿತ್ತು. ಅದಕ್ಕೇ ಏಪ್ರಿಲ್ ತಿಂಗಳಿಂದಲೇ ಪಟ್ಟಿಯನ್ನು ಅಂದವಾಗಿ ಬರೆದು, ಮತ್ತೆ ಬರೆದು ಇಟ್ಟುಕೊಳ್ಳುತ್ತಿದ್ದ.

ಈ ಸಲ ಬರೆಸಿದ್ದು ಅರವತ್ತನಾಲ್ಕು ಪೆಟ್ಟಿಗೆ. ಗೋದಾಮಿನ ಕಾಗದದಲ್ಲಿ ಇದ್ದದ್ದು ನಲವತ್ತೊಂಬತ್ತು. ಗ್ಯಾರೇಜಿನಲ್ಲಿ ಎಣಿಸಿದಾಗ ಸಿಕ್ಕಿದ್ದು ನಲವತ್ತೆಂಟು.

ಹದಿನೈದು ಪೆಟ್ಟಿಗೆ ಬಾರದೇ ಹೋದದ್ದಕ್ಕೆ ಯಾರೂ ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ. ವಿಮಾನದಲ್ಲಿ ಜಾಗ ಸಿಗಲಿಲ್ಲವಂತೆ, ಮುಗಿಯಿತು. ಎಲ್ಲರ ಕುತೂಹಲ ಆ ಒಂದರ ಮೇಲೆ. ಕಾಗದದಲ್ಲಿದ್ದು ನೆಲದ ಮೇಲೆ ಇಲ್ಲದ ಒಂದು ಪೆಟ್ಟಿಗೆ. ಗೋದಾಮಿನ ಕಾವಲಿನವನು ಹೊಡೆದಿರಬೇಕು ಎಂದು ನಂದನ್ ತೀರ್ಪು ಕೊಟ್ಟ. ಅವನು ಡೆಟ್ರಾಯಿಟ್ ಕಡೆಯವರ ಹಣ್ಣು ಒಯ್ಯಲು ಸ್ಟರ್ಲಿಂಗ್ ಹೈಟ್ಸ್‌ನಿಂದ ಮುನ್ನೂರು ಮೈಲಿ ಡ್ರೈವ್ ಮಾಡಿ ಬಂದಿದ್ದ ಎಂಜಿನಿಯರು. ದಣಿವು ತೀರಲು ಅವನಿಗೊಂದು ತಮಾಷೆ ಬೇಕಾಗಿತ್ತು. ಕಾವಲಿನವನಿಗೆ ಅವನೇ ಒಂದು ಹೊಟ್ಟೆ ಕೊಟ್ಟ, ಇನ್ನೊಬ್ಬರು ಮೀಸೆ ಕೊಟ್ಟರು. ಅವನು ಸಮವಸ್ತ್ರದ ತೋಳು ಮಡಚಿಕೊಂಡು, ಬಾಗಿಲ ಚಿಲಕ ಹಾಕಿಕೊಂಡು, ಗೊರಟೆ ಚೀಪುತ್ತ ಕೂತಿರುವುದನ್ನು ಒಬ್ಬೊಬ್ಬರೂ ಒಂದೊಂದು ಚೂರು ಸೇರಿಸಿ ಕಟ್ಟಿದರು. ಗಲ್ಲದ ಮೇಲೆ ರಸ ಇಳಿದಿದೆ, ಹೆಂಡತಿಗೂ ಒಂದು ಹೋಳು ಇಟ್ಟಿಲ್ಲ, ಯಾರಾದರೂ ಬಾಗಿಲು ತಟ್ಟಿದರೆ ಗೊರಟೆಯನ್ನು ಟೋಪಿಯೊಳಗೆ ಅಡಗಿಸುತ್ತಾನೆ.

ಎಲ್ಲರೂ ನಕ್ಕರು. ಚಿದಂಬರನೂ ನಕ್ಕ. ನಗುವಾಗ ಕೈ ತಾನಾಗಿ ಗಲ್ಲಕ್ಕೆ ಹೋಯಿತು.

ಆಗಲೇ ದಿನೇಶ, ‘ಮೊದ್ಲು ನಿಮ್ದು ಎತ್ತಿಟ್ಬಿಡಿ ಸಾರ್, ಬೆಳಗಿನಿಂದ ದುಡಿದಿದೀರ’ ಎಂದದ್ದು. ಆ ಪೆಟ್ಟಿಗೆ ಎಲ್ಲಿದೆ ಎಂದು ಹೇಳಲು ಅದಕ್ಕಿಂತ ಒಳ್ಳೆಯ ಸಮಯವಿರಲಿಲ್ಲ. ಆದರೆ ನಗು ಇನ್ನೂ ಗಾಳಿಯಲ್ಲಿತ್ತು. ಮೀಸೆ, ಹೊಟ್ಟೆ, ಟೋಪಿ ಎಲ್ಲ ಸಿದ್ಧವಾಗಿ ನಿಂತಿದ್ದವು. ಅವುಗಳೊಳಗೆ ತಾನೇ ಹೋಗಿ ಕೂರಲು ಅವನಿಗೆ ಧೈರ್ಯ ಸಾಲಲಿಲ್ಲ. ಬಾಯಿ ಬೇರೇನೋ ಹೇಳಿತು.

ಇನ್ನು ಎಲ್ಲರೂ ಚದುರುವುದರೊಳಗೆ ಅದನ್ನು ಬಯಲಿಗೆ ತರಬೇಕು. ಇಲ್ಲದಿದ್ದರೆ ಮುಂದಿನ ಮೇ ತಿಂಗಳಲ್ಲಿ ಈ ಬಾಗಿಲಲ್ಲಿ ಪಟ್ಟಿ ಹಿಡಿದು ನಿಲ್ಲುವವನು ಬೇರೆ ಯಾರೋ ಆಗಿರುತ್ತಾನೆ, ಅವನ ಹೆಸರೂ ಚಿದಂಬರನೆಂದೇ ಇದ್ದರೂ.

ಅರವತ್ತನಾಲ್ಕು ಪೆಟ್ಟಿಗೆಯ ಆಸೆಯನ್ನು ನಲವತ್ತೆಂಟರಲ್ಲಿ ತೀರಿಸುವುದು ಹೇಗೆ ಎಂಬ ಪ್ರಶ್ನೆ ಎದ್ದಾಗ ಜನ ಅವನ ಕಡೆ ತಿರುಗಿದರು. ‘ಇದು ನಿಮ್ಮ ಸಬ್ಜೆಕ್ಟೇ ಅಲ್ವಾ ಸಾರ್?’ ಎಂದ ನಂದನ್. ‘ಹೇಳಿ, ನಿಮ್ಮ ದೊಡ್ಡೋರು ಏನಂತಾರೆ?’

ಚಿದಂಬರ ತನ್ನ ದೊಡ್ಡವರನ್ನು, ಎಂದರೆ ತನ್ನ ಪಾಠದ ತತ್ವಜ್ಞಾನಿಗಳನ್ನು, ಹೆಸರಿನಿಂದ ಕರೆಯುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಅವನ ಹಳ್ಳಿಯಲ್ಲಿ ಹೊರಗಿನಿಂದ ಬಂದವರನ್ನು ಊರಿನಿಂದಲೇ ಗುರುತಿಸುತ್ತಿದ್ದರು: ಸವಣೂರವ, ಲಕ್ಷ್ಮೇಶ್ವರದಾಕಿ. ಅವನ ಪಾಠದಲ್ಲಿಯೂ ಹಾಗೇ ಸ್ಕಾಟ್ಲೆಂಡಿನವ, ಲಂಡನ್ನಿನವ, ಕೋನಿಗ್ಸ್‌ಬರ್ಗಿನವ, ಶಿಕಾಗೋದವ. ಇಪ್ಪತ್ತೆರಡು ವರ್ಷ ಒಟ್ಟಿಗೆ ಬಾಳಿ ಅವರು ಬೀಗರಷ್ಟು ಹತ್ತಿರದವರಾಗಿದ್ದರು. ಬೀಗರಷ್ಟೇ ದೂರದವರೂ ಆಗಿದ್ದರು.

ಅವನು ಒಬ್ಬೊಬ್ಬರನ್ನೇ ಗ್ಯಾರೇಜಿಗೆ ಕರೆತಂದ. ಪ್ರತಿಯೊಬ್ಬನೂ ತನ್ನ ತನ್ನ ಹಿತ ನೋಡಿಕೊಳ್ಳಲಿ, ಕಾಣದ ಒಂದು ಕೈ ಅದನ್ನೆಲ್ಲ ಎಲ್ಲರ ಹಿತಕ್ಕೆ ಹೊಂದಿಸುತ್ತದೆ ಎಂದ ಸ್ಕಾಟ್ಲೆಂಡಿನವ. ಅಂದರೆ ಎಲ್ಲರೂ ಒಟ್ಟಿಗೆ ನುಗ್ಗುವುದೇ ಎಂದು ದಿನೇಶ ವಿಚಾರಿಸಿದ; ನಾಲ್ಕಾರು ಮಂದಿ ನುಗ್ಗುವವರಂತೆ ಕಚ್ಚೆ ಬಿಗಿದರು. ನಿಯಮ ಮೀರದೆ ಲಾಭ ಹೆಚ್ಚಿಸುವುದೇ ವ್ಯಾಪಾರದ ಏಕೈಕ ಧರ್ಮ ಎಂದ ಶಿಕಾಗೋದವ, ಈ ಗ್ಯಾರೇಜಿನಿಂದ ಮೂವತ್ತೈದು ಮೈಲಿ ದೂರದಲ್ಲಿ ಪಾಠ ಹೇಳಿದವನು. ಹಾಗಿದ್ದರೆ ಹರಾಜು ಕೂಗಬೇಕು. ಹರಾಜಾದರೆ ಒಂದು ಹಣ್ಣೂ ನಮಗೆ ಉಳಿಯುವುದಿಲ್ಲ, ಎಲ್ಲ ಡಾಕ್ಟರುಗಳ ಮನೆಗೆ ಹೋಗುತ್ತದೆ ಎಂದು ಕಂಪ್ಯೂಟರಿನವರು ಗೊಣಗಿದರು, ಡಾಕ್ಟರುಗಳು ಇಲ್ಲವೆನ್ನಲಿಲ್ಲ. ಒಟ್ಟು ಸಂತೋಷ ಎಲ್ಲಿ ಹೆಚ್ಚೋ ಅಲ್ಲಿಗೆ ಕೊಡಿ ಎಂದ ಲಂಡನ್ನಿನವ. ಕೂಡಲೇ ತಂತಮ್ಮ ಮಕ್ಕಳನ್ನು ಮುಂದೆ ತಳ್ಳಿ, ನೋಡಿ, ಇವಳಿಗೆ ಸಂತೋಷ ಬಹಳ ಬೇಗ ಬರುತ್ತದೆ ಎಂದು ಶಿಫಾರಸು ಶುರುವಾಯಿತು.

‘ಕೋನಿಗ್ಸ್‌ಬರ್ಗಿನವ ಏನಂತಾನ ಅಂದ್ರ,’ ಎಂದು ಚಿದಂಬರ ಮುಂದುವರಿಸಿದ, ‘ನೀ ಮಾಡೂ ಕೆಲಸಾನ ಎಲ್ಲಾರೂ ಮಾಡಿದ್ರ ನಡದೀತೇನು, ಕೇಳ್ಕೊ ಅಂತಾನ. ನಡೀದಿದ್ರ ನೀನೂ ಮಾಡಬ್ಯಾಡ.’

ಹೇಳುತ್ತ ಅವನ ಕಣ್ಣು ರಸ್ತೆಯ ಕಡೆ ಹೋಯಿತು. ಬಡಾವಣೆಯ ಉದ್ದಕ್ಕೂ ಕಾರುಗಳು ಸಾಲಾಗಿ ನಿಂತಿದ್ದವು. ಅಷ್ಟೂ ಡಿಕ್ಕಿಗಳಲ್ಲಿ ಒಂದೊಂದು ಪೆಟ್ಟಿಗೆ ಇದ್ದಂತೆ, ಅಷ್ಟೂ ಮಂದಿ ಇಲ್ಲಿ ನಿಂತು ಒಬ್ಬರಿಗೊಬ್ಬರು ಬಿಟ್ಟುಕೊಡುತ್ತಿದ್ದಂತೆ ಅವನಿಗೆ ಕಂಡಿತು. ಮಾತನ್ನು ಅರ್ಧಕ್ಕೇ ಬಿಟ್ಟ. ನೀರು ಕುಡಿದ. ಅವನು ಭಾವುಕನಾದನೆಂದು ಹೆಂಗಸರು ಮೆಚ್ಚಿದರು.

ಅಷ್ಟು ಹೊತ್ತು ಮಡಚುವ ಕುರ್ಚಿಯಲ್ಲಿ ಕೂತು ಕೇಳುತ್ತಿದ್ದ ಪ್ರಭಾವತಿ ಎದ್ದು ನಿಂತರು. ಎಪ್ಪತ್ತೆರಡು ವರ್ಷದ ಅವರು ಈ ಊರಿನಲ್ಲಿ ಮಕ್ಕಳ ಡಾಕ್ಟರಾಗಿ ನಿವೃತ್ತರಾದವರು. ಧಾರವಾಡದ ಹೊರಗೆ ತಂದೆಯ ಮಾವಿನ ತೋಪಿನಲ್ಲಿ ಬೆಳೆದವರು. ಅವರು ಒಂದು ಪೆಟ್ಟಿಗೆಯ ಮುಚ್ಚಳ ತೆಗೆದು, ಹಣ್ಣನ್ನು ಮೂಗಿಗೆ ಹಿಡಿದು, ತೊಟ್ಟಿನ ಹತ್ತಿರ ಹೆಬ್ಬೆರಳಿನಿಂದ ಒತ್ತಿ ನೋಡಿದರು. ಆಮೇಲೆ ಎರಡು ಹಳೆಯ ಬೆಡ್‌ಶೀಟು ತರಲು ದಿನೇಶನಿಗೆ ಹೇಳಿದರು.

‘ಪೆಟಗಿ ಹಂಚಾಕ ಕುಂತೀರಲ್ಲ,’ ಎಂದರು ಅವರು. ‘ಪೆಟಗಿ ತಿಂತೀರೇನು? ಮೊದಲ ಎಲ್ಲಾ ಸುರವ್ರಿ.’

ಸುರುವಿದರು. ಐನೂರಕ್ಕೂ ಹೆಚ್ಚು ಹಣ್ಣು ಗ್ಯಾರೇಜಿನ ನೆಲದ ಮೇಲೆ ಉರುಳಿದಾಗ ಎದ್ದ ವಾಸನೆಗೆ ಎಲ್ಲರೂ ಒಂದೊಂದು ಹೆಜ್ಜೆ ಮುಂದೆ ಬಂದರು. ಎಂಬತ್ತನಾಲ್ಕು ಡಿಗ್ರಿ ಫ್ಯಾರನ್‌ಹೀಟಿನ ಬಿಸಿಲು ಹೊರಗೆ. ಒಳಗೆ ಅರಿಸಿನ, ಕೆಂಪು, ಹಸಿರು ಬೆರೆತ ಒಂದು ರಾಶಿ. ಪ್ರಭಾವತಿ ನೆಲದ ಮೇಲೆ ಕೂತು ಒಂದೊಂದನ್ನೇ ಮುಟ್ಟಿ ಎಸೆಯತೊಡಗಿದರು: ಇದು ಇವತ್ತಿಂದು, ಇದು ನಾಳಿಂದು, ಇದು ಬುಧವಾರದ್ದು. ಅವರ ಕೈ ನೋಡಿ ಇನ್ನು ನಾಲ್ವರು ಕಲಿತರು, ಅವರನ್ನು ನೋಡಿ ಮಕ್ಕಳು. ಮೂರು ಗುಡ್ಡೆಗಳಾದವು.

ಆಮೇಲೆ ಹಂಚುವ ಕೆಲಸವೇ ಉಳಿಯಲಿಲ್ಲ. ಮುನ್ನೂರು ಮೈಲಿ ಹೋಗಬೇಕಾದ ನಂದನ್ ಗಟ್ಟಿಯಾದ ಬುಧವಾರದವನ್ನು ತುಂಬಿಕೊಂಡ. ಭಾನುವಾರ ನೆಂಟರು ಬರುವವರು ನಾಳಿನವನ್ನು ಆರಿಸಿಕೊಂಡರು. ವಾರವೆಲ್ಲ ಊರಲ್ಲಿರದವರು ನಾಲ್ಕೇ ಸಾಕೆಂದರು. ಇವತ್ತಿನ ಗುಡ್ಡೆ ಯಾರ ಮನೆಗೂ ಹೋಗಿ ಸೇರುವ ಸ್ಥಿತಿಯಲ್ಲಿರಲಿಲ್ಲ. ಅದನ್ನು ಇಲ್ಲೇ ಮುಗಿಸಬೇಕು ಎಂದು ಪ್ರಭಾವತಿ ಆಜ್ಞೆ ಮಾಡಿದರು. ದಿನೇಶನ ಮನೆಯೊಳಗಿಂದ ಚಪಾತಿ, ಹಾಲು, ಏಲಕ್ಕಿ ಬಂದವು. ಬೋಗುಣಿಯಲ್ಲಿ ಸೀಕರಣೆ ಕಲೆಸಿದರು.

ಚಿದಂಬರ ಕೈಯಲ್ಲಿದ್ದ ಪಟ್ಟಿ ನೋಡಿದ. ಅವನ ದೊಡ್ಡವರೆಲ್ಲ ಪೆಟ್ಟಿಗೆ ಯಾರಿಗೆ ಎಂದು ಇನ್ನೂರೈವತ್ತು ವರ್ಷ ವಾದಿಸಿದ್ದರು. ಪೆಟ್ಟಿಗೆಯನ್ನೇ ಸುರುವಿಬಿಡಬಹುದೆಂದು ಒಬ್ಬನೂ ಹೇಳಿರಲಿಲ್ಲ. ಅಥವಾ ಹೇಳಿದ್ದರೂ ತಾನು ಓದಿರಲಿಲ್ಲ.

ನಾಯಿ ಹಿಡಿದು ಹೋಗುತ್ತಿದ್ದ ಪಕ್ಕದ ಬೀದಿಯ ಮುದುಕನೊಬ್ಬ, ತೆರೆದ ಗ್ಯಾರೇಜು ಕಂಡು, ಇಲ್ಲಿನ ರೂಢಿಯಂತೆ ಹಳೆಯ ಸಾಮಾನು ಮಾರುತ್ತಿದ್ದಾರೆಂದು ತಿಳಿದು ಒಳಗೆ ಇಣುಕಿದ. ಬೆಲೆ ಎಷ್ಟೆಂದು ಕೇಳಿದ. ಪ್ರಭಾವತಿ ಒಂದು ಹಣ್ಣನ್ನು ಅಂಗೈಯಲ್ಲಿ ಹೊಸೆದು ಮೆತ್ತಗೆ ಮಾಡಿ, ತುದಿ ಕಚ್ಚಿ ಹೀರುವುದು ಹೇಗೆಂದು ತೋರಿಸಿ, ಇನ್ನೊಂದನ್ನು ಅವನ ಕೈಗಿಟ್ಟರು. ಅವನು ನಿಂತಲ್ಲೇ ಹೀರಿದ. ಗೊರಟೆ ಸುಲಿದು ಬೆಳ್ಳಗಾಗುವ ತನಕ ಬಿಡಲಿಲ್ಲ. ನಾಯಿಯನ್ನು ಅಲ್ಲೇ ಬಿಟ್ಟು ಮನೆಗೆ ಹೋಗಿ, ತಾನೇ ಮಾಡಿದ ಹಣ್ಣಿನ ಜ್ಯಾಮ್‌ನ ಎರಡು ಸೀಸೆ ಹಿಡಿದು ಬಂದ.

ಇದೇ ಹಣ್ಣಿಗೆ ದಿನೇಶ ಬಾದಾಮಿ ಎನ್ನುತ್ತಿದ್ದ, ಪ್ರಭಾವತಿ ಆಪೂಸ್ ಎನ್ನುತ್ತಿದ್ದರು. ಮೈಸೂರಿನವರು ಒಂದು ಕಡೆ, ಧಾರವಾಡದವರು ಒಂದು ಕಡೆ ಆದರು. ವಾದ ಗೆಲ್ಲಲು ಪ್ರತಿಯೊಬ್ಬರೂ ಇನ್ನೊಂದು ಹಣ್ಣು ತಿಂದು ನೋಡಬೇಕಾಯಿತು. ಮಕ್ಕಳು ಮುಖವೆಲ್ಲ ಹಳದಿ ಮಾಡಿಕೊಂಡು, ‘ಕ್ಯಾನ್ ಐ ಹ್ಯಾವ್ ಒನ್ ಮೋರ್’ ಎನ್ನುತ್ತ ಸಾಲು ಮುರಿದು ಬರುತ್ತಿದ್ದವು. ಒಬ್ಬಳು ಪೈಪಿನಿಂದ ನೀರು ಹಾರಿಸಿದಳು. ದೊಡ್ಡವರೂ ನೆನೆದರು.

ಚಿದಂಬರನೂ ತಿಂದ. ಮೊದಲನೆಯದನ್ನು ಜಾಗ್ರತೆಯಿಂದ, ಕರವಸ್ತ್ರ ಹಿಡಿದು. ಮೂರನೆಯದಕ್ಕೆ ಕರವಸ್ತ್ರ ಎಲ್ಲೋ ಬಿತ್ತು. ರಸ ಮೊಣಕೈವರೆಗೆ ಇಳಿದು ಪಟ್ಟಿಯ ಮೇಲೆ ಸೋರಿ ಹೆಸರುಗಳು ಕದಡಿದವು. ಅವನು ಜೋರಾಗಿ ನಗುತ್ತಿದ್ದ. ತಾನು ನಗುತ್ತಿರುವುದು ಅವನ ಗಮನಕ್ಕೆ ಬರಲೇ ಇಲ್ಲ. ಎಷ್ಟು ಹೊತ್ತು ಹೀಗಿದ್ದನೋ. ಅವನ ಬದುಕಿನ ಒಳ್ಳೆಯ ಭಾಗ ಅದೇ ಇರಬಹುದು. ಅದನ್ನು ಅವನು ನೋಡಿಕೊಳ್ಳಲಿಲ್ಲವಾದ್ದರಿಂದ ಎಷ್ಟೆಂದು ಹೇಳುವಂತಿಲ್ಲ.

ಖಾಲಿ ಪೆಟ್ಟಿಗೆಗಳನ್ನು ಯಾರೋ ತುಳಿದು ಚಪ್ಪಟೆ ಮಾಡಿ ಗೋಡೆಗೆ ಒರಗಿಸುತ್ತಿದ್ದರು. ಆಗ ಅವನಿಗೆ ನೆನಪಾಯಿತು. ಇಡೀ ಬೀದಿಯಲ್ಲಿ ಇನ್ನೂ ಪೆಟ್ಟಿಗೆಯಾಗಿಯೇ ಉಳಿದದ್ದು ಒಂದೇ.

ದಿನೇಶ ಸೀಕರಣೆಯ ಲೋಟ ಎತ್ತಿ ಹಿಡಿದು, ತನ್ನ ಪಾಲನ್ನೇ ಬಿಟ್ಟುಕೊಟ್ಟ ಸಾರಿಗೆ ಒಂದು ಮಾತಾದರೂ ಹೇಳಬೇಕು ಎಂದ. ಎಲ್ಲರೂ ಅವನ ಕಡೆ ನೋಡಿದರು. ಸಂತೋಷವಾಗಿದ್ದ ಮುಖಗಳು. ಈಗ ಹೇಳುವುದು ಸುಲಭವೆಂದು ಚಿದಂಬರನಿಗೆ ಅನ್ನಿಸಿತು.

‘ನಾ ಏನೂ ಬಿಟ್ಟುಕೊಟ್ಟಿಲ್ರಿ,’ ಎಂದ. ‘ಆ ಒಂದು ಪೆಟಗಿ ನನ್ನ ಡಿಕ್ಕ್ಯಾಗ ಐತಿ. ಮುಂಜಾನಿಂದ ಐತಿ.’

ನಂದನ್ ಲೋಟ ಕೆಳಗಿಟ್ಟ. ನಾಯಿ ಗೊರಟೆ ಕಡಿಯುತ್ತಿತ್ತು.

‘ಗೋದಾಮಿನ ಕಾವಲಿನವನು ನೀವೇನಾ ಸಾರ್,’ ಎಂದ ನಂದನ್. ‘ಮೀಸೆ ಎಲ್ಲಿ ತೆಗೆಸಿದ್ರಿ?’

ಗ್ಯಾರೇಜು ನಗೆಯಿಂದ ಸಿಡಿಯಿತು. ಚಿದಂಬರ ಕೈ ಎತ್ತಿದ. ‘ಖರೇನ ಹೇಳಾಕತ್ತೇನಿ’ ಎಂದ. ನಗೆ ಇನ್ನೂ ಏರಿತು. ದಿನೇಶ ಕಣ್ಣೊರೆಸಿಕೊಳ್ಳುತ್ತ, ‘ಸಾರ್ ಮುಖ ನೋಡ್ರೋ, ಒಂಚೂರೂ ನಗ್ತಿಲ್ಲ’ ಎಂದ. ಇಪ್ಪತ್ತು ವರ್ಷದಲ್ಲಿ ಅವನು ಹೇಳಿದ ಮೊದಲ ಹಾಸ್ಯವೆಂದು ಅದು ಹೆಸರಾಯಿತು. ಯಾರೋ ಅವನನ್ನು ತಬ್ಬಿಕೊಂಡರು. ಅಂಗಿಗೆ ಸೀಕರಣೆ ಹತ್ತಿತು.

ಕಾರಿನ ಕೀಲಿ ಜೇಬಿನಲ್ಲೇ ಇತ್ತು. ಒಂದು ಗುಂಡಿ ಒತ್ತಿದರೆ ಅಲ್ಲಿ, ಎಲ್ಲರ ಕಣ್ಣೆದುರು, ಡಿಕ್ಕಿ ತಾನಾಗಿ ತೆರೆದುಕೊಳ್ಳುತ್ತಿತ್ತು. ಅವನ ಹೆಬ್ಬೆರಳು ಗುಂಡಿಯ ಮೇಲೆ ಹೋಗಿ ಕೂತಿತು. ಇಷ್ಟು ಜನರ ಸಂತೋಷ ಒಂದು ಕಡೆ, ನಿನ್ನೊಬ್ಬನ ನೆಮ್ಮದಿ ಒಂದು ಕಡೆ ಎಂದು ಲಂಡನ್ನಿನವ ಕಿವಿಯಲ್ಲಿ ಹೇಳಿದ. ಲಂಡನ್ನಿನವ ಯಾವಾಗಲೂ ಹೀಗೇ. ಕರೆಯದಿದ್ದರೂ ಸರಿಯಾದ ಹೊತ್ತಿಗೆ ಬರುತ್ತಾನೆ. ಹೆಬ್ಬೆರಳು ಒತ್ತಲಿಲ್ಲ.

ಮೂರು ಗಂಟೆಗೆ ಜನ ಹೊರಡತೊಡಗಿದರು. ಹೊರಡುವಾಗ ಪ್ರತಿ ಮನೆಯವರೂ ತಮ್ಮ ಚೀಲದಿಂದ ಒಂದೊಂದು ಹಣ್ಣು ತೆಗೆದು ಬಾಗಿಲ ಬಳಿಯ ಬುಟ್ಟಿಯೊಳಗೆ ಇಡುತ್ತಿರುವುದು ಅವನ ಕಣ್ಣಿಗೆ ಬಿತ್ತು. ಏನೋ ಪದ್ಧತಿ ಇರಬೇಕೆಂದುಕೊಂಡ. ಬುಟ್ಟಿ ಕಂಠಮಟ್ಟ ತುಂಬಿದ ಮೇಲೆ ದಿನೇಶನೂ ನಂದನ್ನೂ ಅದನ್ನು ಎರಡು ಕಡೆ ಹಿಡಿದು ಅವನ ಮುಂದೆ ತಂದರು. ಮೂವತ್ತೊಂದು ಮನೆ, ಮೂವತ್ತೊಂದು ಹಣ್ಣು. ನಾಳಿನವು, ಬುಧವಾರದವು, ಎರಡೂ ಬೆರೆತಿದ್ದವು.

‘ನಿಮ್ಮನ್ನ ಬರಿಗೈಲಿ ಕಳಿಸಕ್ಕಾಗುತ್ತಾ ಸಾರ್,’ ಎಂದ ದಿನೇಶ. ‘ಡಿಕ್ಕಿ ತೆಗೀರಿ.’

‘ಇನ್ನೊಂದು ಪೆಟ್ಟಿಗೆ ಇದೆಯಂತಲ್ಲ, ಪಕ್ಕದಲ್ಲೇ ಇಡೋಣ’ ಎಂದ ನಂದನ್. ಮತ್ತೆ ನಕ್ಕರು.

ಬುಟ್ಟಿ ಕಾರಿನ ಕಡೆ ಹೊರಟಿತು. ಹಿಂದೆ ಮಕ್ಕಳ ಮೆರವಣಿಗೆ. ಚಿದಂಬರ ಕೀಲಿ ಹೊರತೆಗೆದ. ಇನ್ನು ತಾನೇನೂ ಮಾಡಬೇಕಾಗಿಲ್ಲ, ಅದಾಗಿ ಆಗುತ್ತದೆ ಎಂದು ಒಂದು ಬಗೆಯ ಹಗುರ ಬಂತು ಅವನಿಗೆ.

ಪ್ರಭಾವತಿ ಅವರಿಗಿಂತ ಮೊದಲೇ ಹೋಗಿ ಕಾರಿನ ಹಿಂಭಾಗದಲ್ಲಿ ನಿಂತಿದ್ದರು. ಬೆಳಗಿನಿಂದ ಬಿಸಿಲಲ್ಲಿ ಕಾದ ಡಿಕ್ಕಿಯ ಮೇಲೆ ಅಂಗೈ ಊರಿ, ಸ್ವಲ್ಪ ಬಾಗಿದಂತಿದ್ದರು. ಮೂಗಿನ ಹೊಳ್ಳೆ ಒಮ್ಮೆ ಅರಳಿತೋ, ಅಥವಾ ಅವನಿಗೆ ಹಾಗೆ ಕಂಡಿತೋ.

‘ಡಿಕ್ಕ್ಯಾಗ ಬ್ಯಾಡ,’ ಎಂದರು. ‘ಒಳಗ ಬೇಯತಾವ. ಮುಂದ ಇಡ್ರಿ.’

ಬುಟ್ಟಿ ತಿರುಗಿ ಚಾಲಕನ ಪಕ್ಕದ ಸೀಟಿಗೆ ಹೋಯಿತು.

‘ಅಕ್ಕಾರ,’ ಎಂದ ಚಿದಂಬರ.

‘ಎಲ್ಲಾನೂ ಇವತ್ತ ನೋಡ್ಕೊ ತಮ್ಮಾ,’ ಎಂದರು ಪ್ರಭಾವತಿ. ‘ಎಲ್ಲಾನೂ. ನಾಳೀಗೆ ಉಳಿಯೂ ಹಣ್ಣಲ್ಲ ಅವು.’ ಕೈಯನ್ನು ಸೀರೆಗೆ ಒರೆಸಿಕೊಂಡು ಗ್ಯಾರೇಜಿನ ಕಡೆ ನಡೆದುಬಿಟ್ಟರು. ಅವರ ಬೆನ್ನಿನಲ್ಲಿ ಓದಿಕೊಳ್ಳುವಂಥದ್ದು ಏನೂ ಇರಲಿಲ್ಲ.

ಎಂಜಿನ್ ಶುರುವಾದ ಕೂಡಲೇ ಕಾರು ಟಿಣ್ ಟಿಣ್ ಎಂದು ಬಡಿದುಕೊಳ್ಳತೊಡಗಿತು. ಪಕ್ಕದ ಸೀಟಿನವರು ಬೆಲ್ಟು ಹಾಕಿಲ್ಲವೆಂದು ಅದರ ದೂರು. ಮಕ್ಕಳು ಕುಣಿದರು. ನಂದನ್ ಕಿಟಕಿಯೊಳಗೆ ಬಗ್ಗಿ ಬುಟ್ಟಿಯ ನಡುವಿಗೆ ಬೆಲ್ಟು ಎಳೆದು ಕೂಡಿಸಿ, ಹಣ್ಣುಗಳಿಗೆ ಹುಷಾರಾಗಿ ಹೋಗಿಬನ್ನಿ ಎಂದ. ಸದ್ದು ನಿಂತಿತು. ಮುದುಕನೂ ನಾಯಿಯೂ ಸೇರಿ ಇಡೀ ಬೀದಿ ಕೈ ಬೀಸುತ್ತಿತ್ತು. ಚಿದಂಬರನೂ ಬೀಸಿದ. ಅವನ ಕೈ ಇನ್ನೂ ಅಂಟಂಟಾಗಿತ್ತು, ಅಂಟು ಹಿತವಾಗಿತ್ತು.

ವುಡ್‌ರಿಡ್ಜ್‌ಗೆ ಹೋಗುವ ಹೆದ್ದಾರಿ ಶನಿವಾರದ ಬಿಸಿಲಿನಲ್ಲಿ ತೆರವಾಗಿತ್ತು. ವಾಸನೆ ಮುಂದಿನಿಂದಲೂ ಹಿಂದಿನಿಂದಲೂ ಬಂದು ಅವನಿದ್ದಲ್ಲಿ ಕೂಡಿಕೊಂಡಿತು. ಯಾವುದು ಎತ್ತಲಿಂದ ಎಂದು ಬಿಡಿಸಲು ಬರುತ್ತಿರಲಿಲ್ಲ. ತಿರುವಿನಲ್ಲಿ ಬುಟ್ಟಿ ಅವನ ಕಡೆ ವಾಲಿತು. ಬೆಲ್ಟು ಅದನ್ನು ಹಿಡಿದು ನೆಟ್ಟಗೆ ಕೂರಿಸಿತು.

ಎದುರಿನ ಫಲಕದಲ್ಲಿ, ಬೆಲ್ಟು ಹಾಕಿದವರನ್ನು ತೋರಿಸುವ ದೀಪದಲ್ಲಿ, ಹಸಿರು ಬಣ್ಣದ ಇಬ್ಬರು ಪುಟ್ಟ ಮನುಷ್ಯರು ಅಕ್ಕಪಕ್ಕ ಕೂತಿದ್ದರು. ಇಬ್ಬರಿಗೂ ಒಂದೇ ಗುಂಡು ತಲೆ, ಎದೆಯ ಮೇಲೆ ಒಂದೇ ಓರೆಗೆರೆ. ಕಾರು ಇಬ್ಬರನ್ನೂ ಒಪ್ಪಿಕೊಂಡಿತ್ತು. ಎರಡರಲ್ಲಿ ತಾನು ಯಾವುದು ಎಂದು ನೋಡುತ್ತ ನೋಡುತ್ತ ಚಿದಂಬರ ಹೆದ್ದಾರಿಯಿಂದ ಮನೆಯ ಕಡೆ ಇಳಿಯುವ ತನ್ನ ಎಕ್ಸಿಟ್ ದಾಟಿ ಹೋದ.